ಕಚ್ಚಾ ಹೊಲಿಗೆ

ನನಗೆ ಕೋಪ ಮೂಗಿನ ತುದಿಯಲ್ಲೇ. ಹುಟ್ಟಿದ ಮನೆಯಲ್ಲೂ ಹಾಗೆ ಹೇಳುತ್ತಿದ್ದರು, ಸೇರಿದ ಮನೆಯಲ್ಲೂ ಹೇಳುತ್ತಾರೆ. ಒಂಬತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಕೇಳದೆ ಕ್ಲಾಸಿನೊಳಗೆ ಕಾಲಿಟ್ಟವರನ್ನು ಮೊದಲು ಆಚೆ ಕಳಿಸುವುದು, ಯಾರು, ಯಾಕೆ ಬಂದರು ಎಂದು ಆಮೇಲೆ ವಿಚಾರಿಸುವುದು ನನ್ನ ಪದ್ಧತಿ. ಮದುವೆಯಾಗಿ ಸಮುದ್ರ ದಾಟಿ ಬಂದಾಗ ನನ್ನ ಸರ್ಟಿಫಿಕೇಟುಗಳು ಇಲ್ಲಿ ನಡೆಯಲಿಲ್ಲ. ಈ ಅಭ್ಯಾಸ ಮಾತ್ರ ಜೊತೆಗೇ ಬಂತು.

ಗಂಡನ ಮನೆಯವರು ಇಲ್ಲಿಗೆ ಬಂದು ಮೂವತ್ತು ವರ್ಷದ ಮೇಲಾಗಿದೆ. ಕೆಳಗೆ ಅಂಗಡಿ, ಮೇಲೆ ಮೂರು ಕೋಣೆಯ ಮನೆ, ನಡುವೆ ಹದಿನಾಲ್ಕು ಮೆಟ್ಟಿಲು. ಅಂಗಡಿ ಎಂದರೆ ಬಟ್ಟೆ ರಿಪೇರಿ ಅಂಗಡಿ. ಪ್ಯಾಂಟಿನ ಉದ್ದ ಕತ್ತರಿಸುವುದು, ಜಿಪ್ಪು ಬದಲಿಸುವುದು, ದಪ್ಪಗಾದವರಿಗೆ ಬಿಚ್ಚಿ ಕೊಡುವುದು, ಸಣ್ಣಗಾದವರಿಗೆ ಹಿಡಿದು ಕೊಡುವುದು. ಹೊಲಿಗೆ ಅತ್ತೆಯದು, ಇಸ್ತ್ರಿ ಮಾವನದು. ಮಾವನಿಗೆ ಅರ್ಧ ಕಿವಿ ಕೇಳಿಸುತ್ತದೆ, ಆ ಅರ್ಧವನ್ನೂ ಇಸ್ತ್ರಿಪೆಟ್ಟಿಗೆಯ ಹಬೆ ತಿಂದುಬಿಡುತ್ತದೆ. ಗಂಡ ಲಿಫ್ಟ್ ರಿಪೇರಿ ಮಾಡುವವರು. ಬೆಳಿಗ್ಗೆ ಹೊರಟರೆ ಊರಿನ ಕಟ್ಟಡಗಳನ್ನೆಲ್ಲ ಹತ್ತಿ ಇಳಿದು ಸಂಜೆಗೆ ಬರುತ್ತಾರೆ. "ನಿಮ್ಮನೇಲಿ ಎಲ್ಲರದ್ದೂ ರಿಪೇರಿ ಕೆಲಸ, ನಾನೊಬ್ಬಳೇ ರಿಪೇರಿಗೆ ಬಂದಿರೋಳು" ಎಂದು ಒಮ್ಮೆ ಊಟಕ್ಕೆ ಕೂತಾಗ ತಮಾಷೆ ಮಾಡಿದೆ. ಯಾರೂ ನಗಲಿಲ್ಲ. ಮಾವ ಮಾತ್ರ ಕೇಳಿಸದೆ, "ಹೂಂ, ಹೂಂ" ಎಂದರು.

ಅತ್ತೆ ಮಾತಿನವರಲ್ಲ, ಕಣ್ಣಳತೆಯವರು. ನಾನು ಬಂದ ಮೊದಲ ವಾರವೇ, ನನ್ನನ್ನು ಒಂದು ಮಾತು ಕೇಳದೆ, ನನ್ನ ನಾಲ್ಕು ಕುರ್ತಾಗಳ ಭುಜ ಬಿಚ್ಚಿ ಸರಿಮಾಡಿ ಇಟ್ಟಿದ್ದರು. "ನಿನ್ನ ಎಡ ಭುಜ ಅರ್ಧ ಬೆರಳು ಕೆಳಗಿದೆ. ಇಷ್ಟು ವರ್ಷ ಯಾರೂ ಹೇಳಿಲ್ವಾ?" ಎಂದರು. ನನಗೆ ಮೈ ಉರಿದುಹೋಯಿತು. ಹಾಕಿಕೊಂಡು ನೋಡಿದರೆ, ಹುಟ್ಟಿದಾಗಿನಿಂದ ನನ್ನ ಮೈಮೇಲೆ ಒಂದು ಬಟ್ಟೆಯೂ ಅಷ್ಟು ಚೆನ್ನಾಗಿ ಕೂತಿರಲಿಲ್ಲ. ಬೈಯಲೂ ಆಗದೆ ಹೊಗಳಲೂ ಆಗದೆ, ಮರುದಿನವೂ ಅದನ್ನೇ ಹಾಕಿಕೊಂಡೆ.

ಮಗು ತಾನಾಗಿ ಆಗಲಿಲ್ಲ. ಕಾದು ಕಾದು ಆಸ್ಪತ್ರೆಗೆ ಹೋದೆವು. ಸಂಜೆ ಏಳಕ್ಕೆ ಸರಿಯಾಗಿ ಸೂಜಿ ಶುರುವಾಯಿತು. ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಔಷಧಿ ಡಬ್ಬಿ. ಮಾವ ಅದರ ಮೇಲೆ 'ಯಾರೂ ಮುಟ್ಟಬಾರದು' ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದರು. ಮನೆಯಲ್ಲಿ ಮುಟ್ಟುವವರು ನಾವು ನಾಲ್ಕೇ ಜನ. ಇಪ್ಪತ್ತು ಮಹಡಿ ಎತ್ತರದಲ್ಲಿ ತಂತಿಗೆ ಜೋತು ಕೆಲಸ ಮಾಡುವ ನನ್ನ ಗಂಡನಿಗೆ ನನ್ನ ಹೊಟ್ಟೆಗೆ ಸೂಜಿ ಚುಚ್ಚುವ ಮೊದಲು ಹತ್ತರವರೆಗೆ ಎಣಿಸಿಕೊಳ್ಳಬೇಕಾಗುತ್ತಿತ್ತು. ಕೊನೆಗೆ ನಾಲ್ಕು ಭ್ರೂಣ ಸಿಕ್ಕವು. ನಾಲ್ಕನ್ನೂ ಹೆಪ್ಪುಗಟ್ಟಿಸಿ ಆಸ್ಪತ್ರೆಯಲ್ಲೇ ಇಟ್ಟರು. ಒಂದು ಸಲಕ್ಕೆ ಒಂದನ್ನು ಮಾತ್ರ ಗರ್ಭಕ್ಕೆ ಬಿಡುತ್ತಾರೆ. ಬಿಟ್ಟ ಹನ್ನೆರಡನೇ ದಿನ ರಕ್ತ ಪರೀಕ್ಷೆ, ಅವತ್ತೇ ಸಂಜೆ ಫೋನು.

ವರ್ಷಕ್ಕೊಂದರಂತೆ ಮೂರು ಸಲ ಬಿಟ್ಟರು. ಮೂರು ಸಲವೂ ನರ್ಸಮ್ಮ ಒಂದೇ ದನಿಯಲ್ಲಿ "ಈ ಸಲ ಇಲ್ಲ" ಎಂದಳು. ಗಂಡ ಬಚ್ಚಲಿನ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತರು. ಮಾವ ನನ್ನ ಎಲ್ಲ ಸೀರೆಗಳನ್ನೂ ಹೊರಗೆ ತೆಗೆದು ಇಸ್ತ್ರಿ ಮಾಡಿಟ್ಟರು, ಅವರಿಗೆ ತೋಚಿದ್ದು ಅದು. ಅತ್ತೆ ಮಾತ್ರ ಒಂದು ಸಮಾಧಾನದ ಮಾತು ಆಡಲಿಲ್ಲ. ಕೆಳಗೆ ಕೂತು ಹೊಲಿಯುತ್ತಿದ್ದರು. ಮಿಷನ್ ಸದ್ದು ನೆಲದಿಂದ ನನ್ನ ಮಂಚದ ಕಾಲಿಗೆ ಬರುತ್ತಿತ್ತು. ಎಂಥ ಕಲ್ಲು ಮನಸ್ಸು ಎಂದುಕೊಂಡು ಹಲ್ಲು ಕಡಿಯುತ್ತಿದ್ದೆ. ಫೋನು ಬರುವುದಕ್ಕೆ ಎರಡು ಮೂರು ದಿನ ಮೊದಲೇ ಆ ಸದ್ದು ಶುರುವಾಗಿರುತ್ತಿತ್ತು ಎಂಬುದು ಆಗ ನನ್ನ ಗಮನಕ್ಕೆ ಬರಲಿಲ್ಲ.

ಮೂರನೇದೂ ಹೋದ ಮೇಲೆ ಎರಡು ವರ್ಷ ನಾನು ಆಸ್ಪತ್ರೆ ಕಡೆ ತಲೆ ಹಾಕಲಿಲ್ಲ. ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಚುತ್ತಿದ್ದೆ. ಒದ್ದೆ ಬಟ್ಟೆಯ ಗಾಡಿ ತಳ್ಳಿ ತಳ್ಳಿ ಸೊಂಟ ಬಿದ್ದುಹೋಗಿತ್ತು. ಉಳಿದದ್ದು ಒಂದೇ ಭ್ರೂಣ. ನನಗೆ ಮೂವತ್ತೊಂಬತ್ತು ತುಂಬಿತ್ತು. ಇದೊಂದು ಹೋದರೆ ಮತ್ತೆ ಮೊದಲಿನಿಂದ ಸೂಜಿ ಚುಚ್ಚಿಸಿಕೊಳ್ಳುವ ಶಕ್ತಿ ನನ್ನಲ್ಲಿ ಇರಲಿಲ್ಲ, ಅದು ಮನೆಯವರಿಗೆಲ್ಲ ಗೊತ್ತಿತ್ತು. ಕೊನೆಗೂ ಮತ್ತೆ ಆಸ್ಪತ್ರೆಗೆ ಹೋದಾಗ ಡಾಕ್ಟರು ಭಾರ ಎತ್ತಬೇಡ ಎಂದರು. ಹೋಟೆಲು ಬಿಟ್ಟು ಅತ್ತೆಯ ಅಂಗಡಿಗೆ ಇಳಿದೆ.

"ಮೂರು ವಿಷಯ ನೆನಪಿಟ್ಕೊ" ಎಂದರು ಅತ್ತೆ ಮೊದಲ ದಿನ. "ಒಂದು, ಚೀಟಿ. ನಂಬರು ಎರಡು ಕಡೆ ಇರುತ್ತೆ. ಅರ್ಧ ಹರಿದು ಗಿರಾಕಿಗೆ ಕೊಡು, ಅರ್ಧ ಬಟ್ಟೆಗೆ ಪಿನ್ ಮಾಡು. ಗಿರಾಕಿ ತನ್ನ ಅರ್ಧ ವಾಪಸ್ ಕೊಟ್ರೆ ಬಟ್ಟೆ ನಮ್ಮದಲ್ಲ, ಒಂದು ನಿಮಿಷ ಕೂಡ ಇಟ್ಕೊಳ್ಳೋ ಹಾಗಿಲ್ಲ. ಎರಡು, ಬಿಳಿ ದಾರದ ಕಚ್ಚಾ ಹೊಲಿಗೆ ಕಂಡ್ರೆ ಮುಟ್ಟಬೇಡ. ಟ್ರಯಲ್ ಬಾಕಿ ಇದೆ ಅಂತ ಅರ್ಥ. ಗಿರಾಕಿ ಬರ್ತಾರೆ, ಹಾಕಿ ನೋಡ್ತಾರೆ, ಆಮೇಲೆ ಗಟ್ಟಿ ಹೊಲಿಗೆ."

"ಮೂರನೇದು?"

"ಬಾಗಿಲಿಗೆ ಬಂದವರನ್ನ ಹಾಗೇ ಕಳಿಸಬೇಡ. ಆಗಲ್ಲ ಅನ್ನೋದಿದ್ರೂ ಒಳಗೆ ಕರೆದು, ಕೂರಿಸಿ, ಆಮೇಲೆ ಹೇಳು. ನಿನ್ನ ಮೇಷ್ಟ್ರುಗಿರಿ ಇಲ್ಲಿ ಬೇಡ."

ನನ್ನ ಮುಖ ಕೆಂಪಾದದ್ದು ಕಂಡು ಮಾವ ಇಸ್ತ್ರಿ ಮೇಜಿನ ಹಿಂದಿನಿಂದ ನಕ್ಕರು. ಅಂಥದ್ದೆಲ್ಲ ಅವರಿಗೆ ಸರಿಯಾಗಿ ಕೇಳಿಸುತ್ತದೆ.

ಅಂಗಡಿಯ ಹಿಂಭಾಗದಲ್ಲಿ ಕಂದು ಬಣ್ಣದ ಪರದೆ. ಅದರ ಆಚೆ, ಗಿರಾಕಿಗಳು ಬಿಟ್ಟುಹೋದ ಬಟ್ಟೆಗಳು. ಮದುವೆ ಮುರಿದುಬಿದ್ದ ಯಾರದೋ ಉದ್ದನೆ ಬಿಳಿ ಗೌನು, ಸತ್ತುಹೋದ ಯಾರದೋ ಸೂಟು, ಕೆಲಸ ಬಿಟ್ಟ ಯಾರದೋ ಸಮವಸ್ತ್ರ. ಅತ್ತೆ ಒಂದನ್ನೂ ಬಿಸಾಡಿದವರಲ್ಲ. ಚೀಟಿಯ ಅರ್ಧ ಹೊರಗಿರುವಷ್ಟು ದಿನ ಬಟ್ಟೆಗೆ ಯಜಮಾನರು ಇದ್ದಾರೆ ಎನ್ನುವುದು ಅವರ ಲೆಕ್ಕ. ಪ್ಯಾಂಟು ಕತ್ತರಿಸಿದಾಗ ಉಳಿಯುವ ತುಂಡುಗಳನ್ನೂ ಹೀಗೆಯೇ ಪೆಟ್ಟಿಗೆ ತುಂಬಿ ಇಟ್ಟಿದ್ದರು.

ಮೂರನೇ ವಾರ, ಹಗಲು ಹನ್ನೊಂದರ ಹೊತ್ತಿಗೆ, ಕರೀ ಜಿಪ್ಪು ಹುಡುಕಲು ಪರದೆ ಸರಿಸಿ ಒಳಗೆ ಹೋದೆ. ಬಿಳಿ ಗೌನಿನ ಹಿಂದೆ ಮೂರು ಪುಟ್ಟ ಕೋಟುಗಳು ತೂಗುತ್ತಿದ್ದವು. ಒಂದು ಕಪ್ಪು, ಒಂದು ನೀಲಿ, ಒಂದು ಬೂದು. ಕತ್ತರಿಸಿದ ಪ್ಯಾಂಟಿನ ತುಂಡುಗಳನ್ನು ಜೋಡಿಸಿ ಹೊಲಿದವು ಎಂದು ನೋಡಿದ ಕೂಡಲೇ ಗೊತ್ತಾಯಿತು. ಕಪ್ಪು ಮೂರು ವರ್ಷದ ಮಗುವಿನ ಅಳತೆ, ನೀಲಿ ಎರಡರದ್ದು, ಬೂದು ಒಂದರದ್ದು. ಹೊಸ ಬಟ್ಟೆ ಹೊಲಿಯದ ಅಂಗಡಿಯಲ್ಲಿ ಹೊಸ ಕೋಟು! ಕುತೂಹಲಕ್ಕೆ ಚೀಟಿ ತಿರುಗಿಸಿದೆ. ಕಪ್ಪಿನ ನಂಬರು ಆರುನೂರ ಹನ್ನೆರಡು. ಹೆಸರಿರಲಿಲ್ಲ, ತಾರೀಖಿತ್ತು.

ಆ ತಾರೀಖು ನನಗೆ ಬಾಯಿಪಾಠ. ಮೊದಲನೆಯದನ್ನು ಬಿಟ್ಟ ಒಂಬತ್ತನೇ ದಿನ. ಇನ್ನೂ ರಕ್ತ ಪರೀಕ್ಷೆ ಆಗಿರಲಿಲ್ಲ, ನಾನು ಮೇಲೆ ಮಂಚದ ಮೇಲೆ ಮಲಗಿ ಹೆಸರುಗಳನ್ನು ಯೋಚಿಸುತ್ತಿದ್ದೆ. ನೀಲಿಯ ತಾರೀಖು ಎರಡನೇ ಸಲದ್ದು, ಬೂದಿನದು ಮೂರನೇ ಸಲದ್ದು. ಎರಡೂ ಫೋನು ಬರುವ ಮುಂಚಿನವು.

ಗಣಿತದವಳು ನಾನು, ಹೆದರಿದರೂ ಪರೀಕ್ಷೆ ಮಾಡದೆ ಬಿಡುವುದಿಲ್ಲ. ಕಪ್ಪು ಕೋಟಿನ ಒಳಗು ತಿರುಗಿಸಿದೆ. ಪಕ್ಕದ ಹೊಲಿಗೆಯನ್ನು ಆರೇಳು ಸಲ ಬಿಚ್ಚಿ ಬಿಚ್ಚಿ ದೊಡ್ಡದು ಮಾಡಿದ ಗುರುತು ಸಾಲಾಗಿ ಇತ್ತು. ತೋಳಿಗೆ ಎರಡು ಸಲ ಹೊಸ ತುಂಡು ಸೇರಿಸಿತ್ತು. ಕಂಕುಳ ಕೆಳಗೆ ಬಟ್ಟೆ ಸವೆದು ದಾರ ಎದ್ದಿತ್ತು. ಮೈಮೇಲೆ ಬಿಗಿಯಾದ ಬಟ್ಟೆ ಮಾತ್ರ ಹಾಗೆ ಬಿಡುತ್ತದೆ, ಹ್ಯಾಂಗರಿಗೆ ತೂಗಿದ್ದು ಬಿಡುವುದಿಲ್ಲ. ಬಲಗೈ ತೋಳಿನ ತುದಿ ಮೂಗು ಒರೆಸಿಕೊಂಡು ಒರೆಸಿಕೊಂಡು ಹೊಳಪಾಗಿತ್ತು.

ಕೋಟು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದೆ. "ಅತ್ತೆ, ಇದೇನು?"

ಅತ್ತೆ ಸೂಜಿಗೆ ದಾರ ಪೋಣಿಸುತ್ತಿದ್ದರು. ಪೋಣಿಸಿ ಮುಗಿಸಿ, ತುದಿಗೆ ಗಂಟು ಹಾಕಿ, ಆಮೇಲೆ ತಲೆ ಎತ್ತಿದರು. "ಇವತ್ತಲ್ಲ ನಾಳೆ ನೀನು ನೋಡ್ತೀಯ ಅಂತ ಗೊತ್ತಿತ್ತು. ಅದನ್ನ ಎಳೀಬೇಡ, ತೋಳು ಸಡಿಲ ಇದೆ."

"ಯಾರಿಗೆ ಹೊಲಿದಿದ್ದೀರಿ?"

"ಬಂದು ಅಳತೆ ಕೊಟ್ಟವರಿಗೆ."

ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ಒಂದು ಮಧ್ಯಾಹ್ನ ಬಾಗಿಲ ಗಂಟೆ ಹೊಡೆದುಕೊಂಡಿತು. ನೋಡಿದರೆ ಯಾರೂ ಇಲ್ಲ. ಬಾಗಿಲು ಮಾತ್ರ ತೆರೆದೇ ನಿಂತಿತ್ತು, ಯಾರೋ ಹಿಡಿದುಕೊಂಡ ಹಾಗೆ. ಅತ್ತೆಯ ಕೊರಳಲ್ಲಿದ್ದ ಟೇಪು ಜಾರಿ ನೆಲಕ್ಕೆ ಬಿತ್ತು, ಬಿದ್ದದ್ದು ಸುರುಳಿಯಾಗದೆ ನೇರ ಚಾಚಿಕೊಂಡಿತು. ಅಷ್ಟೇ ಉದ್ದ ಎಂದು ಅವರಿಗೆ ಅರ್ಥವಾಯಿತು. ಚೀಟಿ ಬರೆದು ಅರ್ಧ ಹರಿದು ಮೇಜಿನ ಮೇಲೆ ಇಟ್ಟರು. ಟೀ ಕುಡಿದು ಬರುವಷ್ಟರಲ್ಲಿ ಅದು ಇರಲಿಲ್ಲ. ಮೂರು ದಿನಕ್ಕೆ ನನಗೆ ಫೋನು ಬಂತು. ಆಮೇಲೆ ಎರಡು ಸಲ ಹಾಗೆಯೇ ಆಯಿತು. ಅಂದಿನಿಂದ ಕೋಟುಗಳು ಆರೇಳು ತಿಂಗಳಿಗೊಮ್ಮೆ ಬಿಗಿಯಾಗುತ್ತವೆ. ಅತ್ತೆ ಬಿಚ್ಚಿ ದೊಡ್ಡದು ಮಾಡುತ್ತಾರೆ.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದರಂತೆ ಅಂತ ಜನ ನಗ್ತಾರೆ" ಎಂದೆ. ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು.

"ಹುಟ್ಟೋ ಕೂಸಿಗೆ ನಾನು ಒಂದು ಗುಂಡಿ ಕೂಡ ಹಚ್ಚಲ್ಲ" ಎಂದರು ಅತ್ತೆ. "ಹುಟ್ಟದೇ ಇರೋದಕ್ಕೆ ಹೊಲೀಬಾರದು ಅಂತ ಯಾವ ಗಾದೆನೂ ಇಲ್ಲ. ನಿನ್ನಲ್ಲಿ ಉಳಿಯೋದು ನನ್ನ ಹತ್ರ ಯಾಕೆ ಬರುತ್ತೆ ಹೇಳು? ಉಳಿಯೋಕಾಗದ್ದು ಬರುತ್ತೆ. ಚಳಿ ಆಗುತ್ತೇನೋ ಪಾಪ."

ಆಗ ನನಗೆ ಅತ್ತೆಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನನ್ನ ಮಕ್ಕಳು ನನ್ನ ಹತ್ತಿರ ಬರದೆ ಇವರ ಹತ್ತಿರ ಹೋಗಿದ್ದವು. ನಾಚಿಕೆ ಬಿಟ್ಟು ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚಾಯಿತು.

ಸಂಜೆ ಗಂಡನಿಗೆ ಎಲ್ಲ ಹೇಳಿದೆ, ನಗಲಿ ಎಂದೇ ಹೇಳಿದೆ. ಅವರು ನಗಲಿಲ್ಲ. "ನಮ್ಮ ಲಿಫ್ಟಲ್ಲೂ ಹಾಗೇ" ಎಂದರು. "ಯಾರೂ ಒತ್ತಿರಲ್ಲ, ಸೀದಾ ಮೂರನೇ ಮಹಡಿಗೆ ಹೋಗಿ ಬಾಗಿಲು ತೆಗೆದು ನಿಲ್ಲುತ್ತೆ. ರಿಪೋರ್ಟಲ್ಲಿ ಬಟನ್ ಸ್ಪ್ರಿಂಗ್ ಹಳೇದು ಅಂತ ಬರೀತೀವಿ."

"ನಿಜವಾಗಿ ಸ್ಪ್ರಿಂಗಾ?"

"ಬದಲಾಯಿಸಿದ ಮೇಲೂ ಹೋಗುತ್ತೆ" ಎಂದು ಹೇಳಿ, ನನಗೆ ಬೆನ್ನು ಮಾಡಿ ಬೂಟು ಬಿಚ್ಚಿದರು.

ನಾಲ್ಕನೆಯದನ್ನು ಒಂದು ಸೋಮವಾರ ಬಿಟ್ಟರು. ಅವತ್ತಿನಿಂದ ನನ್ನ ಜೀವವೆಲ್ಲ ಆ ಬಾಗಿಲ ಗಂಟೆಯಲ್ಲಿತ್ತು. ಯಾರೋ ಹೆಂಗಸು ಸ್ಕರ್ಟು ಹಿಡಿದು ಒಳಗೆ ಬಂದರೆ ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸುತ್ತಿತ್ತು. ಒಂಬತ್ತನೇ ದಿನ ನಾನು ಊಟಕ್ಕೂ ಮೇಲೆ ಹೋಗಲಿಲ್ಲ. ಯಾರೂ ಬರದೆ ಗಂಟೆ ಹೊಡೆಯಲಿಲ್ಲ, ಅತ್ತೆಯ ಟೇಪು ಕೊರಳಲ್ಲೇ ಇತ್ತು. ಹನ್ನೆರಡನೇ ದಿನ ಫೋನು ಬಂತು. ನರ್ಸಮ್ಮನ ದನಿ ಬೇರೆಯಾಗಿತ್ತು.

ಗಂಡ ಈ ಸಲವೂ ನಲ್ಲಿ ಬಿಟ್ಟುಕೊಂಡರು, ಆದರೆ ಬಚ್ಚಲಿನ ಬಾಗಿಲು ಹಾಕಿಕೊಳ್ಳಲಿಲ್ಲ. ಮಾವ ನನ್ನ ಕೈ ಹಿಡಿದುಕೊಂಡು, "ಏನಂತೆ? ಏನಂತೆ?" ಎಂದು ಮೂರು ಸಲ ಹೇಳಿಸಿಕೊಂಡರು. ಕೇಳಿಸಲಿಲ್ಲವೆಂದಲ್ಲ, ಮತ್ತೆ ಮತ್ತೆ ಕೇಳುವುದಕ್ಕೆ. ಅತ್ತೆ ಮಾತ್ರ, "ಮೂರು ತಿಂಗಳು ಕಳೀಲಿ" ಎಂದರು.

ಆ ಒಂದು ಮಾತು ನನ್ನ ತಲೆಯಲ್ಲಿ ಹುಳ ಬಿಟ್ಟಿತು. ಮೂರು ತಿಂಗಳೊಳಗೆ ಯಾವತ್ತು ಬೇಕಾದರೂ ಅದು ಎದ್ದು ಅಳತೆ ಕೊಡಲು ಹೋಗಬಹುದು ಎಂದೇ ಅರ್ಥ ತಾನೆ? ಮತ್ತೆ ಬಾಗಿಲು ಕಾಯಲು ಕೂತೆ. ವಾಂತಿಯಾದರೆ ಖುಷಿ, ಆಗದಿದ್ದರೆ ಭಯ. ದಿನಾ ಬೆಳಿಗ್ಗೆ ಪರದೆ ಸರಿಸಿ ಎಣಿಸುತ್ತಿದ್ದೆ: ಕಪ್ಪು, ನೀಲಿ, ಬೂದು. ಮೂರೇ ಇದ್ದರೆ ಆ ದಿನ ಗೆದ್ದ ಹಾಗೆ.

ಒಂಬತ್ತನೇ ವಾರದ ಗುರುವಾರ. ಮರುದಿನ ಸ್ಕ್ಯಾನಿಂಗ್ ಇತ್ತು. ದಾರ, ಜಿಪ್ಪು ತರಲು ಅತ್ತೆ ಮಾವ ಇಬ್ಬರೂ ಸಗಟು ಅಂಗಡಿಗೆ ಹೋದರು. ಅದು ಬುಧವಾರದ ಕೆಲಸ, ಹಿಂದಿನ ದಿನ ಆ ಸಗಟು ಅಂಗಡಿಗೆ ರಜೆ ಇದ್ದುದರಿಂದ ಗುರುವಾರಕ್ಕೆ ಬಿದ್ದಿತ್ತು. ಅಂಗಡಿಯಲ್ಲಿ ನಾನೊಬ್ಬಳೇ. ಬೆಳಿಗ್ಗೆ ಎಣಿಸುವಾಗ ಕಪ್ಪು ಕೋಟಿನ ತೋಳಿಗೆ ಬಿಳಿ ದಾರದ ಕಚ್ಚಾ ಹೊಲಿಗೆ ಹಾಕಿದ್ದು ಕಂಡಿದ್ದೆ. ಅತ್ತೆ ಮತ್ತೆ ಉದ್ದ ಮಾಡಿದ್ದಾರೆ ಎಂದುಕೊಂಡೆ, ಅಷ್ಟೇ. ನನಗೆ ಬೇಕಾಗಿದ್ದುದು ನಾಲ್ಕನೆಯ ಕೋಟು ಇಲ್ಲ ಎನ್ನುವುದೊಂದೇ.

ಒಂದೂವರೆಗೆ ಕೆಳಹೊಟ್ಟೆ ಹಿಂಡಿದ ಹಾಗಾಯಿತು. ಮೇಜು ಹಿಡಿದು ನಿಂತೆ. ಅದೇ ಹೊತ್ತಿಗೆ ಗಂಟೆ ಹೊಡೆದುಕೊಂಡಿತು.

ಬಾಗಿಲು ಒಂದು ಮೊಳದಷ್ಟು ತೆರೆಯಿತು. ಯಾರೂ ಇಲ್ಲ. ನಮ್ಮ ಬಾಗಿಲು ಕೈ ಬಿಟ್ಟರೆ ತಾನೇ ಮುಚ್ಚಿಕೊಳ್ಳುವಂಥದ್ದು, ಅದರ ಸ್ಪ್ರಿಂಗು ನನ್ನ ಗಂಡನೇ ಹಾಕಿದ್ದು. ಅದು ಮುಚ್ಚಲಿಲ್ಲ, ತೆರೆದೇ ನಿಂತಿತು. ಹೊರಗೆ ಬಿಸಿಲಿತ್ತು, ಎದುರಿನ ಚಪ್ಪಲಿ ಅಂಗಡಿಯವಳು ಗಾಜು ಒರೆಸುತ್ತಿದ್ದಳು. ಒಳಗೆ ಚಳಿ ಬಂತು. ಬಾಗಿಲ ಗಾಜಿನ ಮೇಲೆ, ನನ್ನ ಸೊಂಟಕ್ಕಿಂತ ಕೆಳಗೆ, ಉಸಿರಿನ ಮಂಜು ಒಂದು ಸಲ ಮೂಡಿ ಆರಿತು. ಮತ್ತೆ ಮೂಡಿತು. ಮೇಜಿನ ಮೇಲಿದ್ದ ಟೇಪಿನ ತುದಿ ಮೆಲ್ಲಗೆ ಅಲ್ಲಾಡಿತು.

ಬಂದೇಬಿಟ್ಟಿತು ಎಂದುಕೊಂಡೆ. ನನ್ನ ಹೊಟ್ಟೆಯಿಂದ ಎದ್ದು ಬಂದು ನನ್ನೆದುರೇ ನಿಂತಿದೆ, ಅಳತೆ ತಗೋ ಎಂದು. ಎಡಗೈಯಲ್ಲಿ ಹೊಟ್ಟೆ ಒತ್ತಿ ಹಿಡಿದು, ಬಲಗೈಯಲ್ಲಿ ಟೇಪು ಎಳೆದು ಕತ್ತರಿಯಿಂದ ಎರಡು ತುಂಡು ಮಾಡಿದೆ. ಆಮೇಲೆ ಕೂಗಿದೆ. ಕ್ಲಾಸಿನಲ್ಲಿ ಕೂಗುತ್ತಿದ್ದೆನಲ್ಲ, ಅದೇ ದನಿ.

"ಹೋಗು! ಯಾರು ಬಾ ಅಂದ್ರು ನಿನ್ನ? ನಿನಗೆ ಇಲ್ಲಿ ಬಟ್ಟೆ ಇಲ್ಲ. ಬಂದ ದಾರೀಲಿ ವಾಪಸ್ ಹೋಗು. ಇನ್ನೊಂದು ಸಲ ಈ ಬಾಗಿಲಿಗೆ ಕಾಲಿಟ್ರೆ ಸುಮ್ನಿರಲ್ಲ. ನಡಿ ಆಚೆ!"

ಗಾಜಿನ ಮೇಲಿನ ಮಂಜು ಅರ್ಧ ಮೂಡಿದ್ದು ಹಾಗೆಯೇ ನಿಂತಿತು. ಉಸಿರು ಬಿಗಿಹಿಡಿದ ಹಾಗೆ. ಆಮೇಲೆ ಬಾಗಿಲು ತುಂಬ ನಿಧಾನವಾಗಿ, ಒಂದಿಷ್ಟೂ ಸದ್ದಾಗದಂತೆ ಮುಚ್ಚಿಕೊಂಡಿತು. ಗದರಿಸಿದಾಗ ಸಾಧು ಮಕ್ಕಳು ಬಾಗಿಲು ಮುಚ್ಚುತ್ತವಲ್ಲ, ಹಾಗೆ. ನಾನು ಓಡಿಹೋಗಿ ಚಿಲಕ ಹಾಕಿ, 'ಮುಚ್ಚಿದೆ' ಎನ್ನುವ ಬೋರ್ಡು ತಿರುಗಿಸಿದೆ. ಹೊಟ್ಟೆಯ ಹಿಂಡು ಸ್ವಲ್ಪ ಹೊತ್ತಿಗೆ ನಿಂತಿತು.

ಅತ್ತೆ ಬಂದಾಗ, ತಲೆ ಸುತ್ತುತ್ತಿತ್ತು, ಅದಕ್ಕೆ ಮುಚ್ಚಿದೆ ಎಂದೆ. ಕತ್ತರಿಸಿದ ಟೇಪನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಮೇಲೆ ಹೋದೆ.

ಮರುದಿನ ಸ್ಕ್ಯಾನಿಂಗ್ ಕೋಣೆಯಲ್ಲಿ ಡಾಕ್ಟರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಹುರುಳಿಕಾಳಿನಷ್ಟು ಜಾಗದಲ್ಲಿ ಏನೋ ಪಟಪಟ ಎನ್ನುತ್ತಿತ್ತು. "ಗಟ್ಟಿಯಾಗಿದೆ" ಎಂದರು. ಗಂಡ ನನ್ನ ಹೆಬ್ಬೆರಳು ಹಿಡಿದದ್ದು ಬಿಡಲೇ ಇಲ್ಲ. ನಾನು ಗೆದ್ದಿದ್ದೆ. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ನಗುತ್ತಿದ್ದೆ, ಎದುರು ಕೂತ ಮುದುಕ ಕೂಡ ನಕ್ಕ.

ಅಂಗಡಿಗೆ ಕಾಲಿಟ್ಟವಳೇ ಸ್ಕ್ಯಾನಿಂಗ್ ಚಿತ್ರವನ್ನು ಅತ್ತೆಯ ಮಿಷನ್ ಮೇಲೆ ಇಟ್ಟೆ. ಬಡಾಯಿ ತಡೆಯಲಾಗಲಿಲ್ಲ. "ನಿನ್ನೆ ಇದು ನಿಮ್ಮ ಹತ್ರ ಅಳತೆ ಕೊಡೋಕೆ ಬಂದಿತ್ತು ಅತ್ತೆ. ಬೈದು ವಾಪಸ್ ಕಳಿಸಿದೆ. ನೋಡಿ, ಹೇಗೆ ಬಂದ ದಾರೀಲೇ ಹೋಗಿ ಕೂತಿದೆ!"

ಅತ್ತೆ ಚಿತ್ರ ಕಣ್ಣಿಗೆ ಒತ್ತಿಕೊಂಡರು. ಅವರ ಕಣ್ಣಲ್ಲಿ ನೀರು ಕಂಡದ್ದು ಅದೇ ಮೊದಲು. ಆಮೇಲೆ ಒಮ್ಮೆಲೇ ಮುಖ ಬದಲಾಯಿತು. "ನಿನ್ನೆ ಎಷ್ಟೊತ್ತಿಗೆ?"

"ಒಂದೂವರೆಗೆ."

ಅತ್ತೆ ಎದ್ದರು. ಬಾಗಿಲ ಹತ್ತಿರ ಹೋಗಿ, ಗೋಡೆ ಹಿಡಿದು ಕಷ್ಟಪಟ್ಟು ಬಗ್ಗಿ, ಕಾಲೊರೆಸುವ ಚಾಪೆ ಎತ್ತಿದರು. ಚಾಪೆಯ ಕೆಳಗೆ, ಹೊರಗಿನಿಂದ ಬಾಗಿಲ ಸಂದಿಯಲ್ಲಿ ತಳ್ಳಿದ ಹಾಗೆ, ಹರಿದ ಅರ್ಧ ಚೀಟಿ ಇತ್ತು. ನಾಲ್ಕು ವರ್ಷ ಯಾರದೋ ಪುಟ್ಟ ಮುಷ್ಟಿಯಲ್ಲಿದ್ದು ಮೆತ್ತಗಾಗಿದ್ದ ಕಾಗದ. ನಂಬರು ಆರುನೂರ ಹನ್ನೆರಡು.

"ನಾಲ್ಕನೇದಕ್ಕೆ ನಾನು ಚೀಟಿನೇ ಬರೆದಿರಲಿಲ್ಲವಲ್ಲೇ" ಎಂದರು ಅತ್ತೆ. ಬೈಯುವ ದನಿಯಲ್ಲ ಅದು. "ಕಪ್ಪು ಕೋಟಿಗೆ ಕಚ್ಚಾ ಹೊಲಿಗೆ ಹಾಕಿದ್ದೆ, ನೀನು ನೋಡಿಲ್ವಾ? ಗುರುವಾರ ಒಂದೂವರೆಗೆ ಟ್ರಯಲ್‌ಗೆ ಬಾ ಅಂತ ಹೇಳಿದ್ದೆ. ನಾನು ಮರೆತು ದಾರ ತರೋಕೆ ಹೋದೆ. ನಂದೇ ತಪ್ಪು."

ನಾನು ನೋಡಿದ್ದೆ. ಬಿಳಿ ದಾರ ಕಂಡರೆ ಗಿರಾಕಿ ಬರುತ್ತಾರೆ ಎಂದು ನನಗೆ ಹೇಳಿಕೊಟ್ಟಿದ್ದರು, ನಾನು ಕಲಿತಿದ್ದೆ. ಬಂದದ್ದು ನನ್ನ ಮೊದಲ ಮಗು. ಹೇಳಿದ ದಿನ, ಹೇಳಿದ ಹೊತ್ತಿಗೆ ಸರಿಯಾಗಿ ಬಂದಿತ್ತು. ಅಜ್ಜಿಯನ್ನು ಹುಡುಕಿಕೊಂಡು ಬಂದದ್ದಕ್ಕೆ ಅಮ್ಮ ಸಿಕ್ಕಿದ್ದಳು. ನಾಲ್ಕು ವರ್ಷದಲ್ಲಿ ಅದು ತನ್ನ ತಾಯಿಯ ಬಾಯಿಂದ ಕೇಳಿದ ಮಾತು ಅದೊಂದೇ.

ಅಂಗಡಿಯ ನಿಯಮ ಅತ್ತೆ ತಪ್ಪಲಿಲ್ಲ. ಕಪ್ಪು ಕೋಟು ಇಳಿಸಿ, ಚೀಟಿಯ ಎರಡು ಅರ್ಧವನ್ನೂ ಸೇರಿಸಿ ಪಿನ್ ಮಾಡಿ, ನನ್ನ ಕೈಗೆ ಕೊಟ್ಟರು. "ಚೀಟಿ ವಾಪಸ್ ಬಂತು, ನಾನು ಇಟ್ಕೊಳ್ಳೋ ಹಾಗಿಲ್ಲ" ಎಂದರು. ನಾನು ಅದನ್ನು ಅವುಚಿಕೊಂಡು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಹೊಟ್ಟೆಯಲ್ಲಿ ಜೀವ ಇರುವಾಗ ಹಾಗೆ ಅಳಬಾರದು ಎಂದು ಮಾವ ಹೇಳಿದರು, ಆಮೇಲೆ ಅವರೂ ಪಕ್ಕದಲ್ಲಿ ಕೂತರು.

ಮಗಳು ಹುಟ್ಟಿದಳು. ಈಗ ಅವಳಿಗೆ ಮೂರು ತುಂಬಿದೆ, ಕೋಪ ನನ್ನದೇ. ಗುರುವಾರದ ಅಂಗಡಿ ಈಗ ನನ್ನದು. ಒಂದೂವರೆಗೆ ಬಾಗಿಲಿಗೆ ಕುರ್ಚಿ ಕೊಟ್ಟು ತೆರೆದಿಡುತ್ತೇನೆ. ಯಾರೂ ಇಲ್ಲದೆ ಗಂಟೆ ಹೊಡೆದಾಗ, ಯಾರು ಎಂದು ಕೇಳುವ ಮೊದಲೇ "ಬಾ ಕಂದ, ಒಳಗೆ ಬಾ" ಎನ್ನುತ್ತೇನೆ. ನೀಲಿಯದೂ ಬೂದಿನದೂ ಬರುತ್ತವೆ, ಬೆಳೆಯುತ್ತಿವೆ. ಎರಡು ಕೋಟೂ ಕಪ್ಪಿಗಿಂತ ಉದ್ದವಾದವು. ದೊಡ್ಡದರ ಕೋಟು ಮಾತ್ರ ಇದ್ದಷ್ಟೇ ಇದೆ. ಅದನ್ನು ಮೇಲೆ ಕೋಣೆಯಲ್ಲಿ ಮೊಳೆಗೆ ತೂಗುಹಾಕಿದ್ದೇನೆ.

ಮೊನ್ನೆ ಚಳಿ ಶುರುವಾದಾಗ ಮಗಳು ಅದನ್ನು ಎಳೆದು ಮೈಮೇಲೆ ಹಾಕಿಕೊಂಡಿದ್ದಳು. ಹೇಳಿ ಹೊಲಿಸಿದ ಹಾಗೆ ಕೂತಿತ್ತು. ಅತ್ತೆ ದೂರದಿಂದಲೇ ಕಣ್ಣಳತೆ ಮಾಡಿ, ಸೂಜಿ ಹಿಡಿದು ಹತ್ತಿರ ಬಂದರು. "ಸರಿಯಾಗಿದೆ. ಆ ಬಿಳಿ ದಾರ ತೆಗೆದು ಗಟ್ಟಿ ಹೊಲಿಗೆ ಹಾಕ್ಲಾ?"

ನಾನು ಮಗಳ ಮೈಯಿಂದ ಕೋಟು ಬಿಡಿಸಿ ಮತ್ತೆ ಮೊಳೆಗೆ ಹಾಕಿದೆ.

"ಬೇಡ ಅತ್ತೆ" ಎಂದೆ. "ಟ್ರಯಲ್ ಇನ್ನೂ ಬಾಕಿ ಇದೆ."